ಮೊಟ್ಟೆಯ ಚಿಪ್ಪಿನಿಂದ ಹೈಡ್ರಾಕ್ಸಿಅಪಟೈಟ್: ತಯಾರಿಸುವ ಮತ್ತು ಪರೀಕ್ಷಿಸುವ ಕ್ರಮ

ಮೊಟ್ಟೆಯ ಚಿಪ್ಪು, ಕಪ್ಪೆಚಿಪ್ಪು, ಮೂಳೆ, ಭತ್ತದ ಹೊಟ್ಟು ಮುಂತಾದ ತ್ಯಾಜ್ಯಗಳಿಂದ ಉಪಯುಕ್ತ ಸೆರಾಮಿಕ್ ಪುಡಿಗಳನ್ನು ತಯಾರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ತಯಾರಾದ ಪುಡಿ ನಿಜವಾಗಿಯೂ ಏನು ಎಂದು ಖಚಿತಪಡಿಸಿಕೊಳ್ಳುವುದೇ ಕಷ್ಟ. ಸುಟ್ಟ ಸುಣ್ಣ (ಕ್ಯಾಲ್ಸಿಯಂ ಆಕ್ಸೈಡ್), ಅರಳಿದ ಸುಣ್ಣ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್), ಕ್ಯಾಲ್ಸಿಯಂ ಕಾರ್ಬೊನೇಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಹೈಡ್ರಾಕ್ಸಿಅಪಟೈಟ್ ಇವೆಲ್ಲವೂ ಬಿಳಿಯ ಪುಡಿಗಳೇ ಆಗಿದ್ದು, ಕಣ್ಣಿನಿಂದಾಗಲಿ ಕೈಯ ಸ್ಪರ್ಶದಿಂದಾಗಲಿ ಇವನ್ನು ಬೇರ್ಪಡಿಸಿ ಗುರುತಿಸಲು ಸಾಧ್ಯವಿಲ್ಲ. ಆದ್ದರಿಂದ ಈ ಬರಹದಲ್ಲಿ ತಯಾರಿಕೆಗೆ ಎಷ್ಟು ಜಾಗವಿದೆಯೋ ಪರೀಕ್ಷೆಗೂ ಅಷ್ಟೇ ಜಾಗವಿದೆ. ಅನುಸರಿಸಿದ ವಿಧಾನವನ್ನು ನೋಡಿ ಪುಡಿಗೆ ಹೆಸರಿಡಬಾರದು, ಅಳತೆಗಳನ್ನು ನೋಡಿ ಇಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೈಡ್ರಾಕ್ಸಿಅಪಟೈಟ್ ನಮ್ಮ ಮೂಳೆ ಮತ್ತು ಹಲ್ಲುಗಳ ಖನಿಜಾಂಶಕ್ಕೆ ಅತ್ಯಂತ ಹತ್ತಿರದ ಕ್ಯಾಲ್ಸಿಯಂ ಫಾಸ್ಫೇಟ್. ಇದರ ಒಂದು ಘಟಕದಲ್ಲಿ ಹತ್ತು ಕ್ಯಾಲ್ಸಿಯಂ, ಆರು ಫಾಸ್ಫೇಟ್ ಮತ್ತು ಎರಡು ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಹೀಗಾಗಿ ಕ್ಯಾಲ್ಸಿಯಂ ಮತ್ತು ರಂಜಕದ ಪರಮಾಣು ಅನುಪಾತ 1.67 ಆಗುತ್ತದೆ, ಮುಂದಿನ ಎಲ್ಲ ಲೆಕ್ಕಾಚಾರಕ್ಕೂ ಈ ಸಂಖ್ಯೆಯೇ ಆಧಾರ. ಇಂಪ್ಲಾಂಟ್‌ಗಳ ಲೇಪನ, ಮೂಳೆಯ ಕೊರತೆಯನ್ನು ತುಂಬುವ ಸೆರಾಮಿಕ್, ಪ್ರೋಟೀನುಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿ, ನೀರಿನಿಂದ ಸೀಸ ಹಾಗೂ ಫ್ಲೋರೈಡ್ ತೆಗೆಯುವಿಕೆ ಇವು ಇದರ ಮುಖ್ಯ ಬಳಕೆಗಳು.

ಚಿಪ್ಪನ್ನು ಸಿದ್ಧಪಡಿಸುವುದು

ಕೋಳಿಮೊಟ್ಟೆಯ ಚಿಪ್ಪಿನಲ್ಲಿ ತೂಕದ ಸುಮಾರು 94–95 ಶೇಕಡಾ ಕ್ಯಾಲ್ಸೈಟ್ ರೂಪದ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾವಯವ ವಸ್ತು, ಜೊತೆಗೆ ತಲಾ ಒಂದು ಶೇಕಡಾದ ಆಸುಪಾಸಿನಲ್ಲಿ ಮೆಗ್ನೀಸಿಯಂ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್. ಒಂದು ಚಿಪ್ಪು 5–6 ಗ್ರಾಂ ತೂಗುವುದರಿಂದ, ಇಲ್ಲಿ ವಿವರಿಸುವ 10 ಗ್ರಾಂ ಹೈಡ್ರಾಕ್ಸಿಅಪಟೈಟ್‌ಗೆ ಮೂರು ಚಿಪ್ಪುಗಳು ಧಾರಾಳವಾಗಿ ಸಾಕು.

ಚಿಪ್ಪುಗಳನ್ನು ನೀರಿನಲ್ಲಿ ತೊಳೆದು ಅರ್ಧ ಗಂಟೆ ಕುದಿಸಬೇಕು. ಇದರಿಂದ ರೋಗಾಣುಗಳ ಭಯ ದೂರವಾಗುತ್ತದೆ, ಒಳಗಿನ ಪೊರೆಯೂ ಸಡಿಲಗೊಳ್ಳುತ್ತದೆ. ಪೊರೆಯನ್ನು ಕೈಯಿಂದಲೇ ಎಳೆದು ತೆಗೆಯಿರಿ. ಕುಲುಮೆಯಲ್ಲಿ ಹೇಗೂ ಸುಟ್ಟುಹೋಗುತ್ತದೆ ಎಂದು ಅದನ್ನು ಹಾಗೆಯೇ ಬಿಡುವವರಿದ್ದಾರೆ. ಆದರೆ ಪೊರೆಯ ಪ್ರೋಟೀನಿನಲ್ಲಿ ಗಂಧಕವಿದೆ, ಸುಡುವಾಗ ಅದು ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಸಲ್ಫೇಟ್ ಆಗಿ ಉಳಿಯಬಹುದು. ಪೊರೆ ತೆಗೆದ ಚಿಪ್ಪನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ, 100–110 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಒಣಗಿಸಿ, ಕಲ್ಬತ್ತಿನಲ್ಲಿ ಒರಟಾಗಿ ಪುಡಿಮಾಡಿದರೆ ಈ ಹಂತ ಮುಗಿಯಿತು. ಈಗಲೇ ನುಣ್ಣಗೆ ಅರೆಯುವ ಅಗತ್ಯವಿಲ್ಲ, ಏಕೆಂದರೆ ಕಾರ್ಬನ್ ಡೈಆಕ್ಸೈಡ್ ಹೊರಹೋದ ಮೇಲೆ ಚೂರುಗಳು ತಾವಾಗಿಯೇ ಪುಡಿಯಾಗುವಷ್ಟು ಮೆತ್ತಗಾಗುತ್ತವೆ.

ಸುಡುವುದು

ಪುಡಿಯನ್ನು ಅಲ್ಯೂಮಿನಾ ಮೂಸೆಯಲ್ಲಿ ತೆಳುವಾಗಿ ಹರಡಿ, ಮುಚ್ಚಳವಿಲ್ಲದೆ ಮಫಲ್ ಕುಲುಮೆಯಲ್ಲಿಡಿ. ನಿಮಿಷಕ್ಕೆ 5 ಡಿಗ್ರಿಯಂತೆ ಶಾಖವನ್ನು ಏರಿಸಿ, 450–500 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿದರೆ ಸಾವಯವ ವಸ್ತು ಸುಟ್ಟುಹೋಗುತ್ತದೆ. ಆ ಬಳಿಕ 900 ಡಿಗ್ರಿಗೆ ಏರಿಸಿ ಎರಡರಿಂದ ಮೂರು ಗಂಟೆ ಇಡಬೇಕು. ಶುದ್ಧ ಕಾರ್ಬನ್ ಡೈಆಕ್ಸೈಡ್‌ನ ವಾತಾವರಣದಲ್ಲಿ ಕ್ಯಾಲ್ಸೈಟ್ ಒಡೆಯಲು ಸುಮಾರು 900 ಡಿಗ್ರಿ ಬೇಕಾಗುತ್ತದೆ. ತೆರೆದ ಗಾಳಿಯಲ್ಲಾದರೆ 650–700 ಡಿಗ್ರಿಯಲ್ಲಿಯೇ ಒಡೆಯತೊಡಗುತ್ತದೆ. ಮೂಸೆಯನ್ನು ಆಳವಾಗಿ ತುಂಬಿದರೆ ತಳದ ಕಣಗಳು ತಾವೇ ಬಿಟ್ಟ ಅನಿಲದಲ್ಲಿ ಮುಳುಗಿದ್ದು ಅರ್ಧ ಬೆಂದು ಉಳಿಯುವುದು ಇದೇ ಕಾರಣದಿಂದ. ಹಾಗೆಂದು ಶಾಖವನ್ನು ವಿಪರೀತ ಏರಿಸುವುದೂ ಸರಿಯಲ್ಲ. ಅತಿಯಾಗಿ ಸುಟ್ಟ ಸುಣ್ಣದ ಕಣಗಳು ಬಿಗಿಯಾಗಿ ಬೆಸೆದುಕೊಂಡು, ನೀರಿನಲ್ಲಿ ಬಹಳ ನಿಧಾನವಾಗಿ ಅರಳುತ್ತವೆ.

ಮೊದಲ ಪರೀಕ್ಷೆಗೆ ತಕ್ಕಡಿಯೇ ಸಾಕು. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟಾಗ 44 ಶೇಕಡಾ ತೂಕ ಕಳೆದುಕೊಳ್ಳುತ್ತದೆ. ಸಾವಯವ ವಸ್ತುವನ್ನೂ ಸೇರಿಸಿದರೆ 10 ಗ್ರಾಂ ಚಿಪ್ಪಿಗೆ ಸುಮಾರು 5.4 ಗ್ರಾಂ ಸುಟ್ಟ ಸುಣ್ಣ ಉಳಿಯಬೇಕು. 6 ಗ್ರಾಂ ಅಥವಾ ಅದಕ್ಕೂ ಹೆಚ್ಚು ಉಳಿದಿದ್ದರೆ ಕಾರ್ಬೊನೇಟ್ ಪೂರ್ತಿ ಒಡೆದಿಲ್ಲವೆಂದೇ ಅರ್ಥ. ಒಂದು ಚಿಟಿಕೆ ಪುಡಿಯನ್ನು ನೀರಿನಲ್ಲಿ ನೆನೆಸಿ, ಅದಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳನ್ನು ಬಿಟ್ಟಾಗ ಗುಳ್ಳೆಗಳು ಏಳುತ್ತಿದ್ದರೆ ಅದು ಇನ್ನೊಂದು ಸಾಕ್ಷಿ.

ಸುಣ್ಣದ ಶುದ್ಧತೆಯನ್ನು ಅಳೆಯುವುದು

ಈ ಹಂತವನ್ನು ಅನೇಕರು ಬಿಟ್ಟುಬಿಡುತ್ತಾರೆ, ಮುಂದೆ ಕಾಣಿಸಿಕೊಳ್ಳುವ ದೋಷಗಳಲ್ಲಿ ಹೆಚ್ಚಿನವುಗಳ ಮೂಲವೂ ಇಲ್ಲಿಯೇ ಇರುತ್ತದೆ. ಸುಟ್ಟ ಸುಣ್ಣ ಗಾಳಿಯಲ್ಲಿನ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಎಡೆಬಿಡದೆ ಹೀರುತ್ತದೆ. 10 ಗ್ರಾಂ ಹೈಡ್ರಾಕ್ಸಿಅಪಟೈಟ್‌ಗೆ ಲೆಕ್ಕದಂತೆ 5.58 ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ಬೇಕು. ಆದರೆ ಕುಲುಮೆಯಿಂದ ತೆಗೆದು ಮರುದಿನ ತೂಗಿದ 5.58 ಗ್ರಾಂ ಪುಡಿಯಲ್ಲಿ 5.58 ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ಇರುವುದಿಲ್ಲ, ಹಾಗಾಗಿ ರಂಜಕದೊಂದಿಗಿನ ಅನುಪಾತ ಪ್ರಯೋಗ ಆರಂಭವಾಗುವ ಮೊದಲೇ ತಪ್ಪಿರುತ್ತದೆ. ಪುಡಿ ಬಿಸಿಯಾಗಿರುವಾಗಲೇ ಡೆಸಿಕೇಟರಿಗೆ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ಸೇರಿಸಿ, ತಣಿದ ಕೂಡಲೇ ಬಳಸುವುದು ಒಳ್ಳೆಯದು. ಅದರ ಜೊತೆಗೆ ಸಕ್ಕರೆ ವಿಧಾನದ ಟೈಟ್ರೇಷನ್ ಒಂದನ್ನು ಮಾಡಿಬಿಟ್ಟರೆ ಯಾವ ಸಂಶಯವೂ ಉಳಿಯುವುದಿಲ್ಲ.

ಸುಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಸಕ್ಕರೆಯ ದ್ರಾವಣದಲ್ಲಿ ಚೆನ್ನಾಗಿ ಕರಗುತ್ತದೆ. ಕುದಿಸಿ ತಣಿಸಿದ ನೀರಿನಲ್ಲಿ ಮಾಡಿದ 20 ಶೇಕಡಾ ಸಕ್ಕರೆ ದ್ರಾವಣವನ್ನು 50 ಮಿ.ಲೀ. ತೆಗೆದುಕೊಂಡು, ನಿಖರವಾಗಿ ತೂಗಿದ 0.100 ಗ್ರಾಂ ಪುಡಿಯನ್ನು ಅದರಲ್ಲಿ ಹಾಕಿ, ಮುಚ್ಚಿ, ಕಾಲು ಗಂಟೆ ಕಲಕಿ. ಬಳಿಕ ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಫಿನಾಲ್ಫ್ಥಲೀನ್ ಸೇರಿಸಿ, ಗುಲಾಬಿ ಬಣ್ಣ ಹೋಗುವವರೆಗೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಬ್ಯುರೆಟ್‌ನಿಂದ ಬಿಡಿ. ಆಮ್ಲದ ಪ್ರತಿ ಮಿಲಿಲೀಟರ್ 2.804 ಮಿಲಿಗ್ರಾಂ ಕ್ಯಾಲ್ಸಿಯಂ ಆಕ್ಸೈಡ್‌ಗೆ ಸಮ. ಉದಾಹರಣೆಗೆ 34.0 ಮಿ.ಲೀ. ಆಮ್ಲ ಖರ್ಚಾದರೆ 95.3 ಮಿಲಿಗ್ರಾಂ ಎಂದಾಯಿತು, ಅಂದರೆ ಪುಡಿಯ ಶುದ್ಧತೆ 95.3 ಶೇಕಡಾ. ಆಗ 5.58 ಗ್ರಾಂ ನಿಜವಾದ ಕ್ಯಾಲ್ಸಿಯಂ ಆಕ್ಸೈಡ್ ಪಡೆಯಲು 5.86 ಗ್ರಾಂ ಪುಡಿ ತೂಗಬೇಕಾಗುತ್ತದೆ. ಸುಡದೆ ಉಳಿದ ಕಾರ್ಬೊನೇಟ್ ಈ ಅಳತೆಯಲ್ಲಿ ಸೇರುವುದಿಲ್ಲ ಎಂಬುದು ವಿಧಾನದ ದೊಡ್ಡ ಅನುಕೂಲ.

ಫಾಸ್ಫೇಟ್‌ನೊಂದಿಗೆ ಸೇರಿಸುವುದು

ಕನ್ನಡಕ, ಕೈಗವಸು ಧರಿಸಿಯೇ ಈ ಭಾಗವನ್ನು ಮಾಡಬೇಕು. ಸುಣ್ಣ ಅರಳುವಾಗ ವಿಪರೀತ ಶಾಖ ಹೊರಬರುತ್ತದೆ, ಕಣ್ಣಿಗೆ ಸಿಡಿದ ಸುಣ್ಣ ಶಾಶ್ವತ ಹಾನಿ ಮಾಡಬಲ್ಲದು. ಕುದಿಸಿ ತಣಿಸಿದ 200 ಮಿ.ಲೀ. ನೀರಿಗೆ ಲೆಕ್ಕ ಹಾಕಿದಷ್ಟು ಸುಟ್ಟ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಒಂದು ಗಂಟೆ ಕಲಕಿದ ಬಳಿಕ ದೊರೆಯುವ ಸುಣ್ಣದ ಹಾಲು 0.5 ಮೋಲಾರ್ ಕ್ಯಾಲ್ಸಿಯಂಗೆ ಸಮನಾಗಿರುತ್ತದೆ.

ಇನ್ನೊಂದು ಪಾತ್ರೆಯಲ್ಲಿ 85 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು 6.88 ಗ್ರಾಂ ತೂಗಿ, ನೀರಿಗೆ ಸೇರಿಸಿ, ಒಟ್ಟು 200 ಮಿ.ಲೀ.ಗೆ ತನ್ನಿ. ಇದು 0.3 ಮೋಲಾರ್ ದ್ರಾವಣ. ಆಮ್ಲ ಜಿಗುಟಾಗಿದ್ದು ಪಿಪೆಟ್‌ನ ಗೋಡೆಗೆ ಅಂಟಿಕೊಳ್ಳುವುದರಿಂದ ಅಳೆದು ಹಾಕುವುದಕ್ಕಿಂತ ತೂಗಿ ಹಾಕುವುದು ಮೇಲು. ಸಮಾನ ಗಾತ್ರದ ಎರಡು ದ್ರಾವಣಗಳಲ್ಲಿ 0.5 ಮತ್ತು 0.3ರ ಅನುಪಾತವಿರುವುದರಿಂದ ನಮಗೆ ಬೇಕಾದ 1.67 ತಾನಾಗಿಯೇ ಬರುತ್ತದೆ.

ಸುಣ್ಣದ ಹಾಲನ್ನು 40–60 ಡಿಗ್ರಿಯಲ್ಲಿರಿಸಿ, ಮ್ಯಾಗ್ನೆಟಿಕ್ ಸ್ಟರರ್‌ನಲ್ಲಿ ಜೋರಾಗಿ ಕಲಕುತ್ತಾ, ಆಮ್ಲವನ್ನು ನಿಮಿಷಕ್ಕೆ 1.5–2 ಮಿ.ಲೀ.ನಂತೆ ಹನಿಹನಿಯಾಗಿ ಬಿಡಿ. ಆಮ್ಲ ಸುಣ್ಣದೊಳಕ್ಕೆ ಹೋಗಬೇಕೇ ಹೊರತು ಸುಣ್ಣ ಆಮ್ಲದೊಳಕ್ಕೆ ಹೋಗಬಾರದು. ಆಮ್ಲೀಯ ಪರಿಸರದಲ್ಲಿ ಮೊದಲು ರೂಪುಗೊಳ್ಳುವುದು ಬ್ರಶೈಟ್, ಮೊನೆಟೈಟ್‌ನಂತಹ ಬೇರೆಯದೇ ಫಾಸ್ಫೇಟ್‌ಗಳು, ಅವು ಒಮ್ಮೆ ಹರಳುಗಟ್ಟಿದ ಮೇಲೆ ಹೈಡ್ರಾಕ್ಸಿಅಪಟೈಟ್ ಆಗಿ ಮಾರ್ಪಡಲು ಬಹಳ ಸಮಯ ಹಿಡಿಯುತ್ತದೆ. ಆರಂಭದಲ್ಲಿ 12ರ ಮೇಲಿರುವ ಪಿಎಚ್, ಆಮ್ಲದ ಕೊನೆಯ ಪಾಲು ಸೇರುವಾಗ ವೇಗವಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಪಿಎಚ್ ಮೀಟರ್‌ನಿಂದ ಕಣ್ಣು ತೆಗೆಯದೆ, ಅದು 9.5ಕ್ಕಿಂತ ಕೆಳಗಿಳಿಯದಂತೆ ಅಮೋನಿಯಾ ದ್ರಾವಣದ ಹನಿಗಳನ್ನು ಸೇರಿಸುತ್ತಿರಬೇಕು. ಇದನ್ನು ಫ್ಯೂಮ್ ಹುಡ್‌ನೊಳಗೆ ಮಾಡುವುದು ಕಡ್ಡಾಯ.

ಆಮ್ಲ ಮುಗಿದ ಬಳಿಕ ಒಂದು ಗಂಟೆ ಕಲಕುವುದನ್ನು ಮುಂದುವರಿಸಿ, ಪಾತ್ರೆಯನ್ನು ಮುಚ್ಚಿ 24 ಗಂಟೆ ಬಿಡಿ. ಈ ವಿರಾಮದಲ್ಲಿ ಕ್ಯಾಲ್ಸಿಯಂ ನಿಧಾನವಾಗಿ ಸ್ಫಟಿಕದೊಳಗೆ ಸೇರಿ ಅನುಪಾತ ಪೂರ್ಣಗೊಳ್ಳುತ್ತದೆ. ಅವಸರದಿಂದ ಸೋಸಿದ ಪ್ರಕ್ಷೇಪದಲ್ಲಿ ಕ್ಯಾಲ್ಸಿಯಂ ಕೊರತೆ ಉಳಿಯುವ ಸಂಭವ ಹೆಚ್ಚು. ಬಳಿಕ ಸೋಸಿ, ತೊಳೆದ ನೀರಿನ ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆದು, ಕೊನೆಯ ಬಾರಿ ಎಥನಾಲ್‌ನಲ್ಲಿ ತೊಳೆದರೆ ಒಣಗುವಾಗ ಗಟ್ಟಿ ಗಂಟುಗಳಾಗುವುದು ಕಡಿಮೆಯಾಗುತ್ತದೆ. ಎಥನಾಲ್ ಆವಿ ಬೇಗ ಹೊತ್ತಿಕೊಳ್ಳುವುದರಿಂದ, ಒದ್ದೆ ಪುಡಿಯನ್ನು ಮೊದಲು ಫ್ಯೂಮ್ ಹುಡ್‌ನಲ್ಲಿ ಆರಲು ಬಿಟ್ಟು, ಆಮೇಲೆ 80–100 ಡಿಗ್ರಿಯಲ್ಲಿ ಒಣಗಿಸಿ ಅರೆಯಿರಿ.

ಒಣಗಿದ ಪುಡಿಯನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು 900 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ. ಈ ಎರಡನೆಯ ಪಾಲಿನ ಮಹತ್ವ ಮುಂದೆ ತಿಳಿಯುತ್ತದೆ.

ಎಕ್ಸ್-ಕಿರಣ ವಿವರ್ತನೆ

ಪುಡಿ ಏನೆಂದು ಹೇಳಬಲ್ಲ ಮುಖ್ಯ ಸಾಧನ ಎಕ್ಸ್-ಕಿರಣ ವಿವರ್ತನೆ, ಅಂದರೆ ಎಕ್ಸ್‌ಆರ್‌ಡಿ. ತಾಮ್ರದ ಕಿರಣ ಬಳಸಿ, ಎರಡು-ಥೀಟಾ (ಕಿರಣ ತಿರುಗುವ ಕೋನ) 10 ಡಿಗ್ರಿಯಿಂದ 60 ಡಿಗ್ರಿಯವರೆಗೆ, 0.02 ಡಿಗ್ರಿಯ ಹೆಜ್ಜೆಯಲ್ಲಿ ಸ್ಕ್ಯಾನ್ ಮಾಡಿಸಿ. ಸಮಯ ಉಳಿಸಲು 20 ಡಿಗ್ರಿಯಿಂದ ಆರಂಭಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಬ್ರಶೈಟ್‌ನ ಪ್ರಬಲ ಪೀಕ್ (ಚಿತ್ರದಲ್ಲಿ ಕಾಣುವ ಶಿಖರ) 11.7 ಡಿಗ್ರಿಯ ಬಳಿ, ಅರಳಿದ ಸುಣ್ಣದ ಒಂದು ಮುಖ್ಯ ಪೀಕ್ 18.0 ಡಿಗ್ರಿಯ ಬಳಿ ಇರುವುದರಿಂದ, ಹಾಗೆ ಮಾಡಿದರೆ ಹುಡುಕಬೇಕಾದ ಎರಡು ಕಲ್ಮಶಗಳು ಸ್ಕ್ಯಾನ್‌ನ ಹೊರಗೇ ಉಳಿದುಬಿಡುತ್ತವೆ.

ಹೈಡ್ರಾಕ್ಸಿಅಪಟೈಟ್‌ನ ಮುಖ್ಯ ಪೀಕ್‌ಗಳು 25.9, 31.8, 32.2, 32.9, 34.0, 39.8, 46.7 ಮತ್ತು 49.5 ಡಿಗ್ರಿಗಳಲ್ಲಿ ಬರುತ್ತವೆ. ಹೋಲಿಕೆಗೆ ಸಾಮಾನ್ಯವಾಗಿ ಬಳಸುವ ಪ್ರಮಾಣಿತ ಕಾರ್ಡಿನ ಸಂಖ್ಯೆ 09-0432. ಪಟ್ಟಿಯ ಪೀಕ್‌ಗಳೆಲ್ಲ ಸಿಕ್ಕವೆಂದು ತೃಪ್ತಿಪಡುವುದಕ್ಕಿಂತ, ಇರಬಾರದ ಪೀಕ್‌ಗಳು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಹೆಚ್ಚು ಮುಖ್ಯ. ಸುಟ್ಟ ಸುಣ್ಣದ 32.2 ಡಿಗ್ರಿಯ ಪೀಕ್ ಹೈಡ್ರಾಕ್ಸಿಅಪಟೈಟ್‌ನ ಪೀಕ್‌ನೊಂದಿಗೆ ಬೆರೆತುಹೋಗುವುದರಿಂದ 37.4 ಡಿಗ್ರಿಯಲ್ಲಿರುವ ಅದರ ಅತಿ ಪ್ರಬಲ ಪೀಕ್ ಅನ್ನು ಹುಡುಕಬೇಕು. ಅರಳಿದ ಸುಣ್ಣದ 34.1 ಕೂಡ ಹೀಗೆಯೇ ಮರೆಯಾಗುತ್ತದೆ, ಅದನ್ನು ಹಿಡಿಯುವುದು 18.0ರಲ್ಲಿ. ಕ್ಯಾಲ್ಸೈಟ್ 29.4ರಲ್ಲಿ, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ 31.0 ಮತ್ತು 27.8ರಲ್ಲಿ ಕಾಣಿಸಿಕೊಳ್ಳುತ್ತವೆ.

ಕಾಯಿಸದ ಪುಡಿಯ ಕಣಗಳು ಬಹಳ ಚಿಕ್ಕವಾಗಿರುವುದರಿಂದ 31.8ರಿಂದ 32.9ರವರೆಗಿನ ಮೂರು ಪೀಕ್‌ಗಳು ಒಂದೇ ಅಗಲವಾದ ಗುಡ್ಡೆಯಂತೆ ಕೂಡಿಕೊಂಡಿರುತ್ತವೆ. ಕ್ಯಾಲ್ಸಿಯಂ ಕೊರತೆಯುಳ್ಳ ಅಪಟೈಟ್‌ನ ಚಿತ್ರವೂ ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ, ಈ ಚಿತ್ರವೊಂದನ್ನೇ ನೋಡಿ ಪುಡಿ ಶುದ್ಧವೆಂದು ಬರೆಯಬಾರದು. ಕಾಯಿಸಿದ ಪಾಲು ನೆರವಿಗೆ ಬರುವುದು ಇಲ್ಲಿ. ಕ್ಯಾಲ್ಸಿಯಂ ಕಡಿಮೆಯಿದ್ದರೆ ಕಾಯಿಸಿದಾಗ ಆ ಭಾಗ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಒಡೆದು 31.0ರಲ್ಲಿ ಪೀಕ್ ಕೊಡುತ್ತದೆ, ಹೆಚ್ಚಿದ್ದರೆ ಮಿಕ್ಕ ಕ್ಯಾಲ್ಸಿಯಂ ಸುಟ್ಟ ಸುಣ್ಣವಾಗಿ 37.4ರಲ್ಲಿ ಕಾಣುತ್ತದೆ, ಎರಡೂ ಇಲ್ಲದಿದ್ದರೆ ಅನುಪಾತ 1.67ಕ್ಕೆ ಬಹಳ ಹತ್ತಿರವಿದೆ. ಕಾಯಿಸಿದ ಪುಡಿಯಲ್ಲಿ ಸುಣ್ಣ ಉಳಿದಿದೆಯೇ ಎಂದು ತಿಳಿಯಲು ಯಂತ್ರವಿಲ್ಲದ ಉಪಾಯವೂ ಇದೆ: ಪುಡಿಯ ಮೇಲೆ ಫಿನಾಲ್ಫ್ಥಲೀನ್ ಹನಿ ಬಿಟ್ಟಾಗ ಅದು ಕಡುಗುಲಾಬಿಯಾದರೆ ಸುಣ್ಣವಿದೆ. ಚಿಪ್ಪಿನಿಂದ ಬಂದ ಮೆಗ್ನೀಸಿಯಂ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ರಚನೆಯನ್ನು ಸ್ಥಿರಗೊಳಿಸುವ ಗುಣವುಳ್ಳದ್ದು, ಆದ್ದರಿಂದ ಲೆಕ್ಕ ಸರಿಯಿದ್ದರೂ ಅದರ ಸಣ್ಣ ಪೀಕ್ ಕಾಣಿಸಬಹುದು.

ಸ್ಫಟಿಕದ ಗಾತ್ರವನ್ನು ಶೆರರ್ ಸೂತ್ರದಿಂದ ಅಂದಾಜು ಮಾಡುವಾಗ ಬೇರೆ ಪೀಕ್‌ಗಳ ಸಂಪರ್ಕವಿಲ್ಲದೆ ಒಂಟಿಯಾಗಿ ನಿಂತಿರುವ 25.9 ಡಿಗ್ರಿಯ ಪೀಕ್ ಅನ್ನು ಆರಿಸಿಕೊಳ್ಳಿ. ಅದರ ಅರ್ಧ ಎತ್ತರದಲ್ಲಿನ ಅಗಲ 0.30 ಡಿಗ್ರಿ ಎಂದೂ, ಪ್ರಮಾಣಿತ ಸಿಲಿಕಾನ್ ಮಾದರಿಯಿಂದ ತಿಳಿದ ಯಂತ್ರದ ಸ್ವಂತ ಅಗಲ 0.10 ಡಿಗ್ರಿ ಎಂದೂ ಇಟ್ಟುಕೊಳ್ಳೋಣ. ವರ್ಗಗಳನ್ನು ಕಳೆದು ವರ್ಗಮೂಲ ತೆಗೆದರೆ 0.283 ಡಿಗ್ರಿ, ಅಂದರೆ 0.00494 ರೇಡಿಯನ್. 0.9ನ್ನು ಕಿರಣದ ತರಂಗಾಂತರ 0.15406 ನ್ಯಾನೊಮೀಟರ್‌ನಿಂದ ಗುಣಿಸಿ, ಈ ಅಗಲ ಮತ್ತು 12.95 ಡಿಗ್ರಿಯ (25.9ರ ಅರ್ಧ) ಕೊಸೈನ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 29 ನ್ಯಾನೊಮೀಟರ್ ಬರುತ್ತದೆ. ಯಂತ್ರದ ಅಗಲವನ್ನು ಕಳೆಯದಿದ್ದರೆ 27 ಬರುತ್ತಿತ್ತು. ಪೀಕ್ ಕಿರಿದಾದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ, ಹಾಗಾಗಿ ಕಾಯಿಸಿದ ಪುಡಿಗೆ ಈ ತಿದ್ದುಪಡಿ ಇನ್ನೂ ಅಗತ್ಯ. ಇದು ಒಂದು ಸ್ಫಟಿಕವಲಯದ ಗಾತ್ರ, ಹಲವು ಸ್ಫಟಿಕಗಳು ಅಂಟಿಕೊಂಡ ಕಣದ ಗಾತ್ರವಲ್ಲ.

ಅವಕೆಂಪು ರೋಹಿತ ಮತ್ತು ಸೂಕ್ಷ್ಮದರ್ಶಕ

ಎಫ್‌ಟಿಐಆರ್ (ಅವಕೆಂಪು) ರೋಹಿತದಲ್ಲಿ ಫಾಸ್ಫೇಟ್‌ನ ಗುರುತುಗಳು 1030–1090, 962, 602 ಮತ್ತು 565 ತರಂಗಸಂಖ್ಯೆಗಳಲ್ಲಿ ಸಿಗುತ್ತವೆ. ಇವು ಬೇರೆ ಕ್ಯಾಲ್ಸಿಯಂ ಫಾಸ್ಫೇಟ್‌ಗಳಲ್ಲಿಯೂ ಇದೇ ಆಸುಪಾಸಿನಲ್ಲಿ ಇರುವುದರಿಂದ, 3570 ಮತ್ತು 630ರಲ್ಲಿ ಬರುವ ಹೈಡ್ರಾಕ್ಸಿಲ್ ಗುರುತುಗಳನ್ನು ಹುಡುಕುವುದೇ ನಿಜವಾದ ಕೆಲಸ. 3640ರ ಬಳಿ ಚೂಪಾದ ಗುರುತಿದ್ದರೆ ಅದು ಅರಳಿದ ಸುಣ್ಣದ್ದು. 1415, 1455 ಮತ್ತು 873ರ ಬಳಿಯ ಗುರುತುಗಳು ಫಾಸ್ಫೇಟ್‌ನ ಜಾಗವನ್ನು ಆಕ್ರಮಿಸಿದ ಕಾರ್ಬೊನೇಟ್‌ನವು. ಗಾಳಿಗೆ ತೆರೆದಿಟ್ಟು ಮಾಡಿದ ಪ್ರಯೋಗದಲ್ಲಿ ಇದು ಸಹಜ, ಮೂಳೆಯ ಖನಿಜದಲ್ಲಿಯೂ ಕಾರ್ಬೊನೇಟ್ ಇರುವುದರಿಂದ ಇದನ್ನು ದೋಷವೆಂದು ಭಾವಿಸಬೇಕಿಲ್ಲ, ಆದರೆ ವರದಿಯಲ್ಲಿ ಹೇಳಬೇಕು. 712ರಲ್ಲಿಯೂ ಗುರುತಿದ್ದರೆ ಮಾತ್ರ ಕ್ಯಾಲ್ಸೈಟ್ ಬೇರೆಯಾಗಿ ಉಳಿದಿದೆ ಎನ್ನಬಹುದು.

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿ ಕೊಡುವಾಗ ಒಂದು ಎಚ್ಚರಿಕೆ ಅಗತ್ಯ. ವಿದ್ಯುತ್ ಹರಿಯದ ಸೆರಾಮಿಕ್‌ಗಳಿಗೆ ಚಿನ್ನದ ಲೇಪನ ಹಾಕುವುದು ವಾಡಿಕೆ. ಸೂಕ್ಷ್ಮದರ್ಶಕದಲ್ಲಿಯೇ ಎಕ್ಸ್-ಕಿರಣಗಳಿಂದ ಮೂಲಧಾತುಗಳನ್ನು ಅಳೆಯುವ ಇಡಿಎಕ್ಸ್‌ನಲ್ಲಿ ರಂಜಕದ ರೇಖೆ 2.01 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿಯೂ ಚಿನ್ನದ ರೇಖೆ 2.12ರಲ್ಲಿಯೂ ಬಂದು ಒಂದರ ಮೇಲೊಂದು ಬೀಳುವುದರಿಂದ, ಚಿನ್ನ ಲೇಪಿಸಿದ ಮಾದರಿಯಲ್ಲಿ ರಂಜಕದ ಲೆಕ್ಕ ಕೆಡುತ್ತದೆ. ಅನುಪಾತ ಅಳೆಯುವ ಉದ್ದೇಶವಿದ್ದರೆ ಇಂಗಾಲದ ಲೇಪನವನ್ನೇ ಕೇಳಿ ಪಡೆಯಿರಿ. ಹಾಗಿದ್ದರೂ ಇಡಿಎಕ್ಸ್ ಕೊಡುವುದು ಅಂದಾಜು ಮಾತ್ರ. 1.67 ಮತ್ತು 1.62ರ ನಡುವಿನ ವ್ಯತ್ಯಾಸವನ್ನು ನಂಬಿಕೆಯಿಂದ ಹೇಳಲು ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಐಸಿಪಿ (ಪ್ಲಾಸ್ಮಾ ಬಳಸಿ ಮೂಲಧಾತುಗಳನ್ನು ನಿಖರವಾಗಿ ಅಳೆಯುವ) ವಿಶ್ಲೇಷಣೆ ಮಾಡಿಸಬೇಕು.

ಬಿಲ್ಲೆ ಮತ್ತು ಸಾಂದ್ರತೆ

ಪುಡಿಯನ್ನು ಅಚ್ಚಿನಲ್ಲಿ ಒತ್ತಿ 1150–1200 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಗಟ್ಟಿ ಬಿಲ್ಲೆ ದೊರೆಯುತ್ತದೆ. 1300 ಡಿಗ್ರಿಯನ್ನು ದಾಟಿದರೆ ಹೈಡ್ರಾಕ್ಸಿಲ್ ಕಳೆದುಕೊಂಡು ಒಡೆಯುವ ಅಪಾಯವಿದೆ. ಸಾಂದ್ರತೆಯನ್ನು ಆರ್ಕಿಮಿಡಿಸ್ ತತ್ತ್ವದಿಂದ ಅಳೆಯಬಹುದು. ಒಣ ಬಿಲ್ಲೆ 1.200 ಗ್ರಾಂ, ನೀರಿನಲ್ಲಿ ಕುದಿಸಿ ರಂಧ್ರಗಳು ತುಂಬಿದ ಮೇಲೆ ಗಾಳಿಯಲ್ಲಿ 1.215 ಗ್ರಾಂ, ನೀರಿನಲ್ಲಿ ತೂಗುಹಾಕಿದಾಗ 0.810 ಗ್ರಾಂ ಇದ್ದರೆ, 1.200ನ್ನು ಕೊನೆಯ ಎರಡರ ವ್ಯತ್ಯಾಸ 0.405ರಿಂದ ಭಾಗಿಸಿ ನೀರಿನ ಸಾಂದ್ರತೆಯಿಂದ ಗುಣಿಸಿದಾಗ ಘನ ಸೆಂಟಿಮೀಟರ್‌ಗೆ 2.96 ಗ್ರಾಂ ಬರುತ್ತದೆ. ಹೈಡ್ರಾಕ್ಸಿಅಪಟೈಟ್‌ನ ಸೈದ್ಧಾಂತಿಕ ಸಾಂದ್ರತೆ 3.16 ಆದ್ದರಿಂದ ಈ ಬಿಲ್ಲೆ ಸುಮಾರು 94 ಶೇಕಡಾ ಸಾಂದ್ರವಾಗಿದೆ, ಅದರ ತೆರೆದ ರಂಧ್ರಗಳ ಪಾಲು 3.7 ಶೇಕಡಾ.

ಬೇರೆ ಮೂಲಗಳು

ಕಪ್ಪೆಚಿಪ್ಪಿಗೂ ಇದೇ ಕ್ರಮ ಸಲ್ಲುತ್ತದೆ, ಉಪ್ಪನ್ನು ಮಾತ್ರ ಚೆನ್ನಾಗಿ ತೊಳೆಯಬೇಕು. ಮೂಳೆಯಲ್ಲಿ ಅಪಟೈಟ್ ಆಗಲೇ ಇರುವುದರಿಂದ 700–900 ಡಿಗ್ರಿಯಲ್ಲಿ ಸುಟ್ಟರೆ ಸಾಕು. ಭತ್ತದ ಹೊಟ್ಟಿನ ದಾರಿ ಪೂರ್ತಿ ಬೇರೆ: ಅದರ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುತ್ತದೆ, ಆದರೆ ಹೊಟ್ಟಿನಲ್ಲಿರುವ ಪೊಟ್ಯಾಸಿಯಂ ಸುಡುವಾಗ ಸಿಲಿಕಾವನ್ನು ಕರಗಿಸಿ ಇಂಗಾಲವನ್ನು ಒಳಗೆ ಸೆರೆಹಿಡಿಯುವುದರಿಂದ ಕಪ್ಪು ಕಣಗಳು ಉಳಿಯುತ್ತವೆ. ಸುಡುವ ಮೊದಲು ಹೊಟ್ಟನ್ನು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ತೊಳೆದು, 600–700 ಡಿಗ್ರಿಯಲ್ಲಿ ಸುಟ್ಟರೆ ಬಿಳಿಯ ಅಸ್ಫಟಿಕ ಸಿಲಿಕಾ ಸಿಗುತ್ತದೆ. ಎಕ್ಸ್‌ಆರ್‌ಡಿಯಲ್ಲಿ ಅದು 22 ಡಿಗ್ರಿಯ ಸುತ್ತ ಅಗಲವಾದ ಉಬ್ಬಾಗಿ ಕಾಣುತ್ತದೆ. ಅದೇ ಜಾಗದಲ್ಲಿ ಚೂಪಾದ ಪೀಕ್ ಬಂದರೆ ಕ್ರಿಸ್ಟೊಬಲೈಟ್ ರೂಪುಗೊಂಡಿದೆ, ಅದರ ದೂಳು ಶ್ವಾಸಕೋಶಕ್ಕೆ ಹಾನಿಕರ.

ಬಳಕೆಗೆ ಮುನ್ನ

ಹೈಡ್ರಾಕ್ಸಿಅಪಟೈಟ್ ಎಂದು ಸಾಬೀತಾದ ಮಾತ್ರಕ್ಕೆ ಪುಡಿ ದೇಹದೊಳಗೆ ಬಳಸಲು ಯೋಗ್ಯವಾಗುವುದಿಲ್ಲ. ಇಂಪ್ಲಾಂಟ್‌ಗೆ ಬಳಸುವ ಹೈಡ್ರಾಕ್ಸಿಅಪಟೈಟ್‌ನಲ್ಲಿ ಆರ್ಸೆನಿಕ್ 3, ಕ್ಯಾಡ್ಮಿಯಂ 5, ಪಾದರಸ 5, ಸೀಸ 30 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಮೀರಬಾರದೆಂಬ ಮಿತಿಗಳಿವೆ. ಸ್ಫಟಿಕತೆ ಮತ್ತು ಶುದ್ಧತೆಯ ನಿಯಮಗಳು ಐಎಸ್‌ಒ 13779 ಮಾನದಂಡದಲ್ಲಿವೆ. ಅದಾದ ಮೇಲೆ ಜೀವಕೋಶಗಳ ಪರೀಕ್ಷೆಗಳೇ ಬೇರೆ.

ನೀರಿನಿಂದ ಸೀಸ ತೆಗೆಯುವ ಪ್ರಯೋಗ ಮಾಡುವವರು ಪುಡಿಯಲ್ಲಿ ಸುಣ್ಣ ಉಳಿದಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಸುಣ್ಣ ಉಳಿದಿದ್ದರೆ ನೀರಿನ ಪಿಎಚ್ ಏರಿ ಸೀಸ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿಯುತ್ತದೆ, ನೋಡುವವರಿಗೆ ಅಪಟೈಟ್ ಅದನ್ನು ಹೀರಿಕೊಂಡಂತೆ ತೋರುತ್ತದೆ. ಆದ್ದರಿಂದ ಪ್ರಯೋಗದ ಆರಂಭದಲ್ಲಿಯೂ ಕೊನೆಯಲ್ಲಿಯೂ ಪಿಎಚ್ ಬರೆದಿಡಿ, ಪುಡಿಯಿಲ್ಲದೆ ಅದೇ ಪಿಎಚ್‌ಗೆ ತಂದ ಸೀಸದ ದ್ರಾವಣವನ್ನು ಹೋಲಿಕೆಗಾಗಿ ಪಕ್ಕದಲ್ಲಿಡಿ, ಮತ್ತು ಬಳಸಿದ ಪುಡಿಯನ್ನು ಒಣಗಿಸಿ ಮತ್ತೊಮ್ಮೆ ಎಕ್ಸ್‌ಆರ್‌ಡಿ ಮಾಡಿಸಿ. ಸೀಸ ನಿಜವಾಗಿಯೂ ಫಾಸ್ಫೇಟ್‌ನೊಂದಿಗೆ ಸೇರಿದ್ದರೆ ಪೈರೊಮಾರ್ಫೈಟ್ ಗುಂಪಿನ ಸೀಸದ ಅಪಟೈಟ್‌ನ ಹೊಸ ಪೀಕ್‌ಗಳು ಅಲ್ಲಿ ಕಾಣಿಸಿಕೊಳ್ಳುತ್ತವೆ.